ಪೆಟ್ಟಿಗೆಯೊಡನೆ ಭದ್ರಾವತಿಗೆ

ಶಿವಮೊಗ್ಗೆಯಿಂದ ಭದ್ರಾವತಿಗೆ ಇರುವ ದೂರ ಹೆಚ್ಚೆಂದರೆ ೨೦ ಕಿಲೋಮೀಟರು. ಬಸ್ಸು ಹತ್ತಿದವನಿಗೆ ಒಂದು ತಾಂಬೂಲ, ಒಂದು ತೂಕಡಿಕೆ ಮುಗಿಯುವಷ್ಟರಲ್ಲಿ ಇಳಿಯುವ ಸಮಯ ಬಂದಿರುತ್ತದೆ. ಇಂಥ ದಾರಿಯನ್ನು ಪ್ರವಾಸವೆಂದು ಹೆಸರಿಟ್ಟು ಬರೆಯಹೊರಟುದಕ್ಕೆ ವಾಚಕ ಮಹಾಶಯರು ನಕ್ಕರೂ ನಕ್ಕಾರು. ಮದುವೆ, ಮುಂಜಿ, ಬಾಣಂತನ, ಶ್ರಾದ್ಧಗಳಿಗೆಂದು ನಾವು ಈ ದಾರಿಯನ್ನು ಎಷ್ಟು ಸಲ ಸವೆಸಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಆಗ ಯಾವಾಗಲೂ ಬರೆಯಬೇಕೆಂದು ತೋರಲಿಲ್ಲ. ಕಳೆದ ಫಾಲ್ಗುಣ ಮಾಸದ ಒಂದು ಶನಿವಾರ ಮಾತ್ರ ನಮ್ಮ ತೊಡೆಯ ಮೇಲೆ ಹಳೆಯ ಕಂಬಳಿಯಲ್ಲಿ ಸುತ್ತಿದ ಒಂದು ಕಬ್ಬಿಣದ ಪೆಟ್ಟಿಗೆಯಿದ್ದಿತು. ಪಕ್ಕದಲ್ಲಿ ಮಾತನಾಡದೆ ಕಿಟಕಿಯ ಹೊರಗೆ ನೋಡುತ್ತ ಮಗಳು ಕುಳಿತಿದ್ದಳು. ಆ ಪೆಟ್ಟಿಗೆಯ ಗುಣದೋಷಗಳು ತೀರ್ಮಾನವಾದಲ್ಲದೆ, ಮಗಳು ನಮ್ಮ ಮನೆಯಲ್ಲಿಯೇ ಉಳಿಯುವಳೋ ಬೆಂಗಳೂರಿಗೆ ಹೊರಟುಹೋಗುವಳೋ ಎಂಬುದೂ ತೀರ್ಮಾನವಾಗುವಂತಿರಲಿಲ್ಲ.

ಸಂಗತಿಯನ್ನು ಮೊದಲಿನಿಂದ ಹೇಳುವುದು ಲೇಸು. ನಮ್ಮ ಮನೆ ಶಿವಮೊಗ್ಗೆಯ ಹಳೆಯ ಭಾಗದಲ್ಲಿ, ಕೋಟೆ ಆಂಜನೇಯನ ಗುಡಿಯ ಗಂಟೆ ಕೇಳಿಸುವಷ್ಟು ಸಮೀಪದಲ್ಲಿದೆ. ಹಿರಿಯರು ಕಟ್ಟಿಸಿದ ಹೆಂಚಿನ ಮನೆ. ಗೋಡೆಗಳು ಒಂದೂವರೆ ಮೊಳ ದಪ್ಪ. ಬೇಸಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ ಎಂದು ನಾವು ಹೆಮ್ಮೆಪಡುತ್ತಿದ್ದ ಈ ಗೋಡೆಗಳೇ ಈ ಕಾಲದಲ್ಲಿ ನಮಗೆ ಶತ್ರುಗಳಾದುವು. ಏಕೆಂದರೆ ತಂತಿಯಿಲ್ಲದೆ ಗಾಳಿಯಲ್ಲಿ ಹರಿದುಬರುವ ಇಂಟರ್ನೆಟ್ಟಿನ ಅಲೆಗಳು ಅವುಗಳನ್ನು ದಾಟಲಾರದೆ ಪಡಸಾಲೆಯಲ್ಲಿಯೇ ನಿಂತುಬಿಡುವುವು. ೨೦೨೦-೨೧ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ಮಲೆನಾಡಿನ ಮಕ್ಕಳು ಪಾಠ ಕೇಳುವುದಕ್ಕಾಗಿ ಗುಡ್ಡ ಹತ್ತುತ್ತಿದ್ದುದನ್ನು ವಾಚಕರು ಮರೆತಿರಲಾರರು. ನಾವು ಪಟ್ಟಣದಲ್ಲಿದ್ದುದರಿಂದ ಗುಡ್ಡ ಹತ್ತಬೇಕಾಗಲಿಲ್ಲ. ಒಳಕೋಣೆಯಿಂದ ಪಡಸಾಲೆಗೆ ಓಡಿದರೆ ಸಾಕಾಗುತ್ತಿದ್ದಿತು.

ಮಗಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಉದ್ಯೋಗದಲ್ಲಿರುವಳು. ನಮ್ಮ ತಾಯಿಯವರು ಕಾಲುಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ, ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದು ಆಕೆ ಊರಿಗೆ ಬಂದಳು. ಎಂಬತ್ತಾರು ವರ್ಷದ ಮುದುಕಿ ಮೊಮ್ಮಗಳ ಕೈಯಿಂದಲ್ಲದೆ ಮತ್ತಾರ ಕೈಯಿಂದಲೂ ಎರಡು ತುತ್ತಿಗಿಂತ ಹೆಚ್ಚು ಉಣ್ಣುವವರಲ್ಲ. ನಮ್ಮ ಮನೆಯವರಿಗೆ ಮಂಡಿನೋವು. ಒಂದು ಸಲ ಕುಳಿತರೆ ಏಳುವುದು ಪ್ರಯಾಸ. ಹೀಗಿರಲು ಮಗಳ ಇರವು ನಮಗೆ ದೀಪವಿದ್ದಂತೆ. ಆಕೆ ಹಿತ್ತಿಲಿನ ಮಾಳಿಗೆಯ ಕೋಣೆಯಲ್ಲಿ ಕುಳಿತು ಕೆಲಸಮಾಡುವಳು. ಮುಂದಿನ ಮನೆಗೂ ಆ ಕೋಣೆಗೂ ನಡುವೆ ೨೫ ಮೀಟರು ಅಂಗಳ, ಒಂದು ಹಲಸಿನ ಮರ. ಮನೆಯ ಮೇಲುಭಾಗದಲ್ಲಿ ಮೂವರು ಕಾಲೇಜು ಹುಡುಗರು ಬಾಡಿಗೆಗಿದ್ದಾರೆ. ಇಷ್ಟು ಮಂದಿಗೆ ಒಂದೇ ಲೈನು.

ಇದಕ್ಕೆ ಉಪಾಯವನ್ನು ಹೇಳಿದವನು ಬೆಂಗಳೂರಿನಲ್ಲಿರುವ ನಮ್ಮ ತಮ್ಮನ ಮಗ. "ದೊಡ್ಡಪ್ಪ, ಗಾಳಿಯನ್ನು ನಂಬಬೇಡಿ, ತಂತಿ ಎಳೆಸಿ. ಕಚೇರಿಗಳಿಂದ ಹೊರಬಿದ್ದ ಸ್ವಿಚ್ಚುಗಳು ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಹೊಸದಾಗಿ ಕೊಂಡಾಗ ಲಕ್ಷ ಬೆಲೆಯದು, ಈಗ ನಾಲ್ಕು ಸಾವಿರ!" ಎಂದು ಬರೆದನು. ಸ್ವಿಚ್ಚು ಎಂದೊಡನೆ ನಮ್ಮ ತಾಯಿಯವರು ದೀಪದ ಗುಂಡಿಯೆಂದು ತಿಳಿದು, "ಗುಂಡಿಗೆ ನಾಲ್ಕು ಸಾವಿರವೇ?" ಎಂದು ಬೆರಗಾದರು. ಅವರಂತೆಯೇ ತಿಳಿದ ವಾಚಕರಿಗಾಗಿ ಹೇಳುವುದೇನೆಂದರೆ: ಇದು ದೀಪದ ಗುಂಡಿಯಲ್ಲ. ಹೊರಗಿನಿಂದ ಬಂದ ಲೈನು ರೌಟರು ಎಂಬ ಸಣ್ಣ ಡಬ್ಬಿಗೆ ಸೇರುವುದು. ಆ ಡಬ್ಬಿಯಿಂದ ಕೋಣೆಕೋಣೆಗೂ ತಂತಿಗಳನ್ನು ಹಂಚುವ ಪೆಟ್ಟಿಗೆಯೇ ಸ್ವಿಚ್ಚು. ದೊಡ್ಡ ಕಚೇರಿಗಳಲ್ಲಿ ಇಂಥವುಗಳನ್ನು ೧೯ ಅಂಗುಲ ಅಗಲದ ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸಿರುವರು. ಕಚೇರಿಯವರು ಕೆಲವು ವರ್ಷಗಳಿಗೊಮ್ಮೆ ಹಳೆಯವನ್ನು ತೆಗೆದು ಹೊಸವನ್ನು ಹಾಕುವರು. ತೆಗೆದವು ಕೆಟ್ಟವೆಂದು ತಿಳಿಯಬಾರದು. ತಯಾರಕರು ದುರಸ್ತಿಯ ಹೊಣೆಯನ್ನು ಕೈಬಿಟ್ಟರೆಂದೋ, ಕೆಲಸ ಹೆಚ್ಚಿತೆಂದೋ ಹೊರಗೆ ಹಾಕಿದವೇ ಹೆಚ್ಚು.

ಪೆಟ್ಟಿಗೆ ರಾತ್ರಿ ಬಸ್ಸಿನಲ್ಲಿ ಬಂದಿತು. ೨೪ ಕಿಂಡಿಗಳು, ಮುಂಗಡೆ ಸಾಲುಸಾಲಾಗಿ ಹಸುರು ದೀಪಗಳು. ಅರ್ಚನೆಗೆ ಹಚ್ಚಿದ ಹಣತೆಗಳಂತೆ ಅವು ಮಿನುಗಿದುದನ್ನು ಕಂಡು ನಾವು ಹಿಗ್ಗಿದುದು ನಿಜ. ಆದರೆ ಅದರ ಹಿಂಬದಿಯ ಪುಟ್ಟ ಫ್ಯಾನುಗಳು ತಿರುಗತೊಡಗಿದೊಡನೆ ಎದ್ದ ಸದ್ದನ್ನು ಏನೆಂದು ವರ್ಣಿಸುವುದು! "ಮನೆಯೊಳಗೆ ಹಿಟ್ಟಿನ ಗಿರಣಿ ಇಟ್ಟಿರಾ?" ಎಂದು ತಾಯಿಯವರು ಒಳಗಿನಿಂದ ಕೂಗಿದರು. ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ರೆಯಿಲ್ಲ. ಆದರೂ ಮಗಳ ಕೆಲಸ ಸರಾಗವಾಯಿತಲ್ಲಾ ಎಂದು ಸಹಿಸಿಕೊಂಡೆವು.

ಐದನೆಯ ದಿನ ಅನಾಹುತವಾಯಿತು, ಮಾಡಿದವರು ನಾವೇ. ಬೆಳಗಿನ ಪೂಜೆಗೆ ಮುಂಚೆ ಪಡಸಾಲೆಯನ್ನು ಚೊಕ್ಕಟಮಾಡುತ್ತ, ಪೆಟ್ಟಿಗೆಯ ಮುಂದೆ ಒಂದು ತಂತಿಯ ತುದಿ ನೇತಾಡುತ್ತಿದ್ದುದನ್ನು ಕಂಡು, ಕಾಲಿಗೆ ತೊಡರೀತೆಂದು ಅದನ್ನು ಖಾಲಿಯಿದ್ದ ಒಂದು ಕಿಂಡಿಗೆ ಸಿಕ್ಕಿಸಿದೆವು. ಅದರ ಇನ್ನೊಂದು ತುದಿಯೂ ಅದೇ ಪೆಟ್ಟಿಗೆಯಲ್ಲಿದ್ದುದನ್ನು ನೋಡಲಿಲ್ಲ. ಕ್ಷಣಮಾತ್ರದಲ್ಲಿ ಎಲ್ಲ ದೀಪಗಳೂ ಹುಚ್ಚುಹಿಡಿದಂತೆ ಒಟ್ಟಿಗೆ ಮಿಣುಕಲಾರಂಭಿಸಿದುವು. ಹಿತ್ತಿಲ ಮಾಳಿಗೆಯಿಂದ ಮಗಳು ಓಡಿಬಂದಳು. ಆ ಹೊತ್ತಿಗೆ ಸರಿಯಾಗಿ ಆಕೆ ಆರು ತಿಂಗಳ ತನ್ನ ಕೆಲಸವನ್ನು ಪರದೇಶದ ಗಿರಾಕಿಗಳಿಗೆ ತೋರಿಸುತ್ತಿದ್ದಳಂತೆ. ಕಾರಣ ತಿಳಿದು ಲೈನು ಮರಳುವುದರೊಳಗೆ ನಲವತ್ತು ನಿಮಿಷ ಕಳೆದುಹೋದುವು. ಸಾಯಂಕಾಲ ಮೇಲಧಿಕಾರಿಯಿಂದ ಮಾತು ಬಂದಿತು: ಇನ್ನೊಮ್ಮೆ ಹೀಗಾದರೆ ಬೆಂಗಳೂರಿಗೇ ಬಂದು ಕಚೇರಿಯಲ್ಲಿ ಕುಳಿತುಕೊಳ್ಳತಕ್ಕದ್ದು. ಮಗಳು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿದ್ದಿತು. ತಾಯಿಯವರಿಗೆ ಅನ್ನ ಕಲಸಿ ತಿನ್ನಿಸುವಾಗ ಆಕೆಯ ಮುಖವನ್ನು ನೋಡುವುದು ನಮ್ಮಿಂದಾಗಲಿಲ್ಲ.

ಮರುದಿನವೇ ಭದ್ರಾವತಿಯ ಭಾವನವರಿಗೆ ಫೋನು ಮಾಡಿದೆವು. ನಮ್ಮ ಅಕ್ಕನವರ ಯಜಮಾನರಾದ ಇವರು ಕಬ್ಬಿಣದ ಕಾರ್ಖಾನೆಯಲ್ಲಿ ವಿದ್ಯುತ್ತು ಮತ್ತು ಟೆಲಿಫೋನಿನ ವಿಭಾಗಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ದುಡಿದು ನಿವೃತ್ತರಾದವರು. ಎಲ್ಲವನ್ನೂ ಕೇಳಿ, "ಪೆಟ್ಟಿಗೆಯನ್ನೂ ಮಗಳನ್ನೂ ಕರೆದುಕೊಂಡು ಬಾರಯ್ಯ. ಫೋನಿನಲ್ಲಿ ನಾಡಿ ಹಿಡಿಯುವ ವೈದ್ಯ ನಾನಲ್ಲ" ಎಂದರು.

ಬಿ.ಎಚ್. ರಸ್ತೆಯಲ್ಲಿ ಬಸ್ಸು ಹೊರಟು ಊರು ಬಿಟ್ಟಿತು. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಯ ಕೈಗಾರಿಕೆಯ ಶೆಡ್ಡುಗಳು ಒಂದೊಂದಾಗಿ ಹಿಂದೆ ಸರಿದುವು. ಈ ದಾರಿಯಲ್ಲಿ ಹೋಗುವವನು ಒಂದು ನದಿಯ ಸೀಮೆಯಿಂದ ಇನ್ನೊಂದು ನದಿಯ ಸೀಮೆಗೆ ದಾಟುವನು. ಶಿವಮೊಗ್ಗೆಯದು ತುಂಗೆ, ಭದ್ರಾವತಿಯದು ಭದ್ರೆ. ಎರಡೂ ಕೂಡಲಿಯಲ್ಲಿ ಸಂಗಮವಾಗಿ ತುಂಗಭದ್ರೆಯೆನಿಸುವುವು. ಊರುಗಳ ಸ್ವಭಾವವೂ ನದಿಗಳಂತೆ ಬೇರೆಬೇರೆ. ಶಿವಮೊಗ್ಗೆ ಅಡಿಕೆಮಂಡಿಯ, ಕಚೇರಿಯ, ಕಾಲೇಜುಗಳ ಊರು. ಭದ್ರಾವತಿಯಾದರೋ ಸೈರನ್ನಿನ ಸದ್ದಿಗೆ ಎದ್ದು, ಸೈರನ್ನಿನ ಸದ್ದಿಗೆ ಉಂಡು ಬೆಳೆದ ಊರು.

ಇದರ ಹಳೆಯ ಹೆಸರು ಬೆಂಕಿಪುರ. ಮುಂದೆ ಇಲ್ಲಿ ಉರಿಯಬೇಕಾಗಿದ್ದ ಬೆಂಕಿಯನ್ನು ಬಲ್ಲವರಂತೆ ಹಿರಿಯರು ಈ ಹೆಸರನ್ನಿಟ್ಟಿದ್ದರು. ೧೯೧೮ರಲ್ಲಿ ಮೈಸೂರು ಸಂಸ್ಥಾನವು ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತೊಡಗಿತು. ೧೯೨೩ರಲ್ಲಿ ಊದುಕುಲುಮೆಗೆ ಬೆಂಕಿ ಬಿದ್ದಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬರುತ್ತಿದ್ದಿತು. ಕಲ್ಲಿದ್ದಲು ಹತ್ತಿರದಲ್ಲೆಲ್ಲಿಯೂ ಇಲ್ಲದುದರಿಂದ ಮಲೆನಾಡಿನ ಮರದ ಇದ್ದಲಿನಿಂದಲೇ ಅದಿರನ್ನು ಕರಗಿಸುತ್ತಿದ್ದರು. ಅದೇ ೧೯೨೩ರಿಂದ ೧೯೨೯ರ ವರೆಗೆ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಇದನ್ನು ನಡೆಸಿದರು. ಮುಂದೆ ಕಾರ್ಖಾನೆಗೆ ಅವರ ಹೆಸರೇ ಬಂದಿತು. ೧೯೩೬ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಗಿ ಊರಿಗೆ ಎರಡನೆಯ ಆಧಾರವಾಯಿತು. ಈಗ ಕಾಗದದ ಯಂತ್ರಗಳು ಮೌನವಾಗಿವೆ. ೨೦೨೩ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವುದೆಂಬ ನಿರ್ಧಾರ ಪ್ರಕಟವಾಗಿ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷದ ಆಗಸ್ಟಿನಲ್ಲಿ ಒಂದು ಭಾಗದಲ್ಲಿ ಕೆಲಸ ಮರಳಿ ಮೊದಲಾಯಿತು. ಬಸ್ಸಿನ ಕಿಟಕಿಯಿಂದ ಆ ಹೊಗೆಕೊಳವೆಗಳನ್ನು ನೋಡುತ್ತ ನಮಗೆ ತೊಡೆಯ ಮೇಲಿದ್ದ ಪೆಟ್ಟಿಗೆ ಎರಡು ಪಾಲು ಭಾರವಾದಂತೆನಿಸಿತು.

ಭಾವನವರ ಮನೆ ನ್ಯೂಟೌನಿನಲ್ಲಿದೆ; ಕಾರ್ಖಾನೆಯವರು ಕಟ್ಟಿಸಿದ ಬಡಾವಣೆ. ಸಾಲುಮರಗಳ ಕೆಳಗೆ ಒಂದೇ ಅಚ್ಚಿನ ಮನೆಗಳು. ಅಕ್ಕ ಕಾಲಿಗೆ ನೀರು ಕೊಟ್ಟು, ಕಾಫಿ ಕೊಟ್ಟು, ಮಗಳ ತಲೆ ಸವರಿ, "ಬೆಂಗಳೂರಿಗೆ ಹೋಗುವ ಮಾತು ಊಟವಾಗುವವರೆಗೆ ಬೇಡ" ಎಂದಳು. ಭಾವನವರು ಕನ್ನಡಕವನ್ನು ಒರೆಸಿಕೊಂಡು ಮೇಜಿನ ಮೇಲೆ ಹಳೆಯ ಪಂಚೆಯನ್ನು ಹಾಸಿ ಪೆಟ್ಟಿಗೆಯನ್ನಿಟ್ಟರು.

ಮೊದಲು ಅವರು ಅದನ್ನು ವಿದ್ಯುತ್ತಿಗೆ ಸೇರಿಸಲೇ ಇಲ್ಲ. ಮೂಸಿ ನೋಡಿದರು, ಸುಟ್ಟ ವಾಸನೆಯಿಲ್ಲ. ಮೆಲ್ಲನೆ ಅಲುಗಿಸಿದರು; ಒಳಗೆ ಸಡಿಲವಾದ ತಿರುಪು ಉರುಳಿದ ಸದ್ದಿಲ್ಲ. ಬಳಿಕ ಮೇಲುಮುಚ್ಚಳವನ್ನು ತೆಗೆದರು. ಒಳಗೆ ಬೂದಿಯಂತಹ ಧೂಳು ಪದರುಪದರಾಗಿ ಕುಳಿತಿದ್ದಿತು. ಮೆತ್ತನೆಯ ಕುಂಚದಿಂದ ಅದನ್ನು ತೆಗೆಯುತ್ತ, ಸಣ್ಣ ಡಬ್ಬಿಗಳಂತಿರುವ ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದು ಒಂದೊಂದನ್ನೂ ನೋಡಿದರು. ವಿದ್ಯುತ್ತನ್ನು ಒದಗಿಸುವ ಭಾಗಕ್ಕೆ ಮಾತ್ರ ಬೆರಳು ಸೋಕಿಸಲಿಲ್ಲ. "ಪ್ಲಗ್ಗು ತೆಗೆದ ಮೇಲೂ ಇದರಲ್ಲಿ ಸ್ವಲ್ಪ ಹೊತ್ತು ಜೀವ ಇರುತ್ತದೆ. ತಿಳಿಯದವರು ಮುಚ್ಚಳವನ್ನೇ ತೆಗೆಯಬಾರದು" ಎಂದರು.

ಮುಂದಿನ ಕೆಲಸ ಮಗಳ ಪಾಲಿಗೆ ಬಂದಿತು. ಇಂಥ ಪೆಟ್ಟಿಗೆಗಳಲ್ಲಿ ಕನ್ಸೋಲು ಎಂಬ ಒಂದು ಪ್ರತ್ಯೇಕ ಕಿಂಡಿಯಿರುವುದು. ಅದಕ್ಕೆ ತಕ್ಕ ತಂತಿಯಿಂದ ಗಣಕವನ್ನು ಸೇರಿಸಿದರೆ ಪೆಟ್ಟಿಗೆಯು ತನ್ನ ಮನಸ್ಸಿನಲ್ಲಿರುವುದನ್ನು ಅಕ್ಷರಗಳಲ್ಲಿ ಹೇಳುವುದು. ಗುಪ್ತಪದ ತಿಳಿಯದಿದ್ದುದರಿಂದ, ತಯಾರಕರ ಕೈಪಿಡಿಯಲ್ಲಿ ಹೇಳಿದ ಕ್ರಮವನ್ನು ಓದಿ, ಮುಂಭಾಗದ ಗುಂಡಿಯನ್ನು ಒತ್ತಿಹಿಡಿದು ಮಗಳು ಒಳಹೊಕ್ಕಳು. ಪರದೆಯ ಮೇಲೆ ಸಾಲುಗಳು ಇಳಿದುವು. ಹಿಂದಿನ ಕಚೇರಿಯವರ ಕೋಣೆಗಳ ಹೆಸರು, ಯಾವ ಕಿಂಡಿ ಯಾರ ಮೇಜಿಗೆ ಎಂಬ ಗುರುತು, ಎಲ್ಲವೂ ಹಾಗೆಯೇ ಇದ್ದುವು! ನಾವು ಕುತೂಹಲದಿಂದ ಬಗ್ಗಿದೆವು. ಭಾವನವರು ಕೈ ಅಡ್ಡ ಹಿಡಿದು, "ಬೇರೆಯವರ ಮನೆಯ ಕಾಗದ. ನಮಗೆ ಬೇಕಾದುದೊಂದನ್ನೇ ನೋಡಿ ಉಳಿದುದನ್ನು ಅಳಿಸಿಬಿಡಮ್ಮ" ಎಂದರು.

ಬೇಕಾದುದು ಸಿಕ್ಕಿತು. ನಮ್ಮ ಮನೆಯ ಅನಾಹುತದ ಬೇರು ಅಲ್ಲಿಯೇ ಇದ್ದಿತು. ಇದನ್ನು ಭಾವನವರು ತಮ್ಮ ಕಾರ್ಖಾನೆಯ ಟೆಲಿಫೋನು ಎಕ್ಸ್‌ಚೇಂಜನ್ನು ಮುಂದಿಟ್ಟುಕೊಂಡು ನಮಗೆ ವಿವರಿಸಿದರು. ಹಿಂದೆ ಎಕ್ಸ್‌ಚೇಂಜಿನಲ್ಲಿ ಕುಳಿತವನು ಕೇಳಿದವರಿಗೆ ಕೇಳಿದ ತಂತಿಯನ್ನು ಕೈಯಾರೆ ಜೋಡಿಸುತ್ತಿದ್ದನು. ಸ್ವಿಚ್ಚು ಆ ಕೆಲಸವನ್ನು ತಾನೇ ಮಾಡುವುದು. ಪ್ರತಿಯೊಂದು ಗಣಕಕ್ಕೂ ಒಂದು ಸಂಖ್ಯೆಯುಂಟು. ಯಾವ ಕಿಂಡಿಯಿಂದ ಯಾವ ಸಂಖ್ಯೆಯ ಮಾತು ಬಂದಿತೆಂಬುದನ್ನು ಸ್ವಿಚ್ಚು ನೆನಪಿನಲ್ಲಿಟ್ಟುಕೊಂಡು, ಮುಂದೆ ಆ ಸಂಖ್ಯೆಗೆ ಬಂದ ಪತ್ರವನ್ನು ಆ ಕಿಂಡಿಗೇ ಕಳುಹಿಸುವುದು, ಬೀದಿಗೆ ಹೊಸಬನಾದ ಅಂಚೆಯವನು ಮನೆಗಳನ್ನು ಕಲಿತುಕೊಳ್ಳುವಂತೆ. ಎಲ್ಲರಿಗೂ ಸೇರಿದ ಮಾತಾದರೆ ಎಲ್ಲ ಕಿಂಡಿಗಳಿಗೂ ಹಂಚುವುದು. ಒಂದೇ ತಂತಿಯ ಎರಡು ತುದಿಗಳನ್ನೂ ಒಂದೇ ಪೆಟ್ಟಿಗೆಗೆ ಸಿಕ್ಕಿಸಿದಾಗ ಈ ಹಂಚಿದ ಮಾತು ಹೊರಟ ಮನೆಗೇ ಬಂದು ಮತ್ತೆ ಹಂಚಿಕೆಯಾಗಿ, ಮುಗಿವಿಲ್ಲದೆ ಸುತ್ತುತ್ತ ಬೇರೆ ಯಾವ ಮಾತಿಗೂ ಎಡೆಗೊಡದು. ಇದನ್ನು ತಡೆಯುವ ಉಪಾಯವನ್ನು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿದುಷಿ ೧೯೮೫ರಲ್ಲಿಯೇ ಕಂಡುಹಿಡಿದಿರುವರು: ಸ್ವಿಚ್ಚು ತಾನು ಕಳುಹಿಸಿದ ಪರೀಕ್ಷೆಯ ಮಾತು ತನಗೇ ಮರಳಿತೆಂದರೆ ಸುತ್ತು ಬಿದ್ದಿದೆಯೆಂದು ತಿಳಿದು ಒಂದು ದಾರಿಯನ್ನು ಮುಚ್ಚಿಬಿಡುವುದು. ನಮ್ಮ ಪೆಟ್ಟಿಗೆಯಲ್ಲಿಯೂ ಈ ಏರ್ಪಾಡು ಇದ್ದಿತು. ಹಿಂದಿನ ಕಚೇರಿಯವರು ತಮ್ಮದೇ ಯಾವುದೋ ಕಾರಣಕ್ಕಾಗಿ ಅದನ್ನು ನಿಲ್ಲಿಸಿದ್ದರು.

"ತಪ್ಪು ನಿಮ್ಮದಲ್ಲ ಅಪ್ಪಾ, ತಂತಿ ಸಿಕ್ಕಿಸಿದ್ದು ಅರ್ಧ, ಇದು ಅರ್ಧ" ಎಂದಳು ಮಗಳು. ಮೂರು ದಿನಗಳ ಮೇಲೆ ಆಕೆ ನಮ್ಮೊಡನೆ ಆಡಿದ ಮೊದಲ ನೇರ ಮಾತು ಅದು.

ಅಕ್ಕ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. "ಹಳೆಯ ಹಿತ್ತಾಳೆ ಪಾತ್ರೆ ಕೊಂಡು ತಂದರೆ ಕಲಾಯಿ ಮಾಡಿಸದೆ ಹುಳಿ ಕುದಿಸುತ್ತಾರೆಯೇ? ಇದನ್ನು ಹಾಗೆಯೇ ಒಲೆಗಿಟ್ಟುಬಿಟ್ಟಿರಿ" ಎಂದಳು. ಇದಕ್ಕಿಂತ ಚೆನ್ನಾಗಿ ಹೇಳಲು ನಮ್ಮಿಂದಾಗದು. ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದ ವಸ್ತು ಹಿಂದಿನ ಮನೆಯ ರೂಢಿಗಳನ್ನೂ ತರುವುದು. ಹಿಂದಿನದೆಲ್ಲವನ್ನೂ ಅಳಿಸಿ, ಹೊಸ ಗುಪ್ತಪದವಿಟ್ಟು, ತಯಾರಕರು ಕೊನೆಯದಾಗಿ ಹೊರಡಿಸಿದ ತಂತ್ರಾಂಶವನ್ನು ತುಂಬಿ, ಮಗಳು ಕಲಾಯಿ ಹಾಕಿದಳು.

ಊಟದ ಪಂಕ್ತಿಯಲ್ಲಿ ಅಕ್ಕ, ಈ ಪೆಟ್ಟಿಗೆಯನ್ನು ಮೊದಲು ಮಾಡಿದವರಾರೆಂದು ಕೇಳಿದಳು. ಗಣಕಗಳನ್ನು ಕೂಡಿಸುವ ಈಥರ್ನೆಟ್ ಎಂಬ ಪದ್ಧತಿ ಅಮೆರಿಕದಲ್ಲಿ ೧೯೭೩ರಲ್ಲಿ ಹುಟ್ಟಿದುದು. ಅದಕ್ಕೆ ಅನೇಕ ಕಿಂಡಿಗಳ ಸ್ವಿಚ್ಚನ್ನು ೧೯೯೦ರ ಹೊತ್ತಿಗೆ ಮೊಟ್ಟಮೊದಲು ತಂದ ಕಂಪನಿಯ ಹೆಸರು ಕಲ್ಪನಾ ಎಂದು ಮಗಳು ಹೇಳಿದಾಗ ನಮಗೂ ಆಶ್ಚರ್ಯವಾಯಿತು. ಸ್ಥಾಪಕರಲ್ಲೊಬ್ಬರಾದ ವಿನೋದ್ ಭಾರದ್ವಾಜರು ಭಾರತದ ಮೂಲದವರು. ಕಂಪನಿಗೆ ತಮ್ಮ ಪತ್ನಿಯ ಹೆಸರನ್ನಿಟ್ಟರಂತೆ. ೧೯೯೪ರಲ್ಲಿ ಸಿಸ್ಕೋ ಎಂಬ ದೊಡ್ಡ ಕಂಪನಿ ಅದನ್ನು ಕೊಂಡುಕೊಂಡಿತು. ಅಕ್ಕ ಭಾವನವರ ಎಲೆಗೆ ಸಾರು ಬಡಿಸುತ್ತ, "ಹೆಂಡತಿಯ ಹೆಸರನ್ನು ಕಂಪನಿಗಿಟ್ಟನೇ! ಇವರು ನನ್ನ ಹೆಸರನ್ನು ಒಂದು ಕರುವಿಗೂ ಇಡಲಿಲ್ಲ" ಎಂದಳು. ಭಾವನವರು ತಲೆಯೆತ್ತದೆ ಉಂಡರು.

ಊಟದ ಮೇಲೆ ಕಹಿಯಾದ ಮಾತು ಬಂದಿತು. ಭಾವನವರು ಗೋಡೆಯ ಪ್ಲಗ್ಗಿಗೂ ಪೆಟ್ಟಿಗೆಗೂ ನಡುವೆ ಒಂದು ಮಾಪಕವನ್ನಿಟ್ಟು ಅರ್ಧ ಗಂಟೆ ನೋಡಿದರು. ಒಂದು ತಂತಿಯನ್ನೂ ಸಿಕ್ಕಿಸದೆ ಇರುವಾಗಲೇ ಅದು ೭೦ ವಾಟ್ ತಿನ್ನುತ್ತಿದ್ದಿತು. ಹಗಲಿರುಳೂ ಉರಿಯುವ ವಸ್ತುವಾದುದರಿಂದ ತಿಂಗಳಿಗೆ ೫೦ ಯೂನಿಟ್ಟು. ನಮ್ಮ ಮನೆಯ ಖರ್ಚು ಸರಾಸರಿ ೧೨೦ ಯೂನಿಟ್ಟು. ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿಗೆ ಶೇಕಡ ೧೦ ಸೇರಿಸಿ ಉಚಿತದ ಮಿತಿಯನ್ನು ಗೊತ್ತುಮಾಡಿದ್ದಾರಷ್ಟೆ. ನಮಗೆ ಅದು ೧೩೨. ಮೀರಿದ ೩೮ ಯೂನಿಟ್ಟುಗಳಿಗೆ ತಿಂಗಳು ತಿಂಗಳೂ ಹಣ ಕಟ್ಟಬೇಕು. ನಾಲ್ಕು ಸಾವಿರಕ್ಕೆ ಸಿಕ್ಕಿತೆಂದು ಹಿಗ್ಗಿದ ನಾವು ಈ ಲೆಕ್ಕವನ್ನು ಮಾಡಿರಲೇ ಇಲ್ಲ. ಫ್ಯಾನುಗಳನ್ನು ಬದಲಿಸಿ ಸದ್ದಿಲ್ಲದವನ್ನು ಹಾಕಬಹುದೆಂದು ತಮ್ಮನ ಮಗ ಬರೆದಿದ್ದನು. ಭಾವನವರು ಒಪ್ಪಲಿಲ್ಲ. ಸದ್ದು ಕಡಮೆಯಾದರೆ ಬಹುಮಟ್ಟಿಗೆ ಗಾಳಿಯೂ ಕಡಮೆ. ಗಾಳಿ ಸಾಲದೆ ಕಾವೇರಿದ ಯಂತ್ರ ರಾತ್ರಿ ಎಲ್ಲರೂ ಮಲಗಿರುವಾಗ ಏನಾಗುವುದೆಂದು ಹೇಳಲಾಗದು.

"ಇದು ಒಳ್ಳೆಯ ಯಂತ್ರವೇ. ಆದರೆ ಮಲಗುವ ಮನೆಯದಲ್ಲ" ಎಂಬುದು ಅವರ ತೀರ್ಪು.

ನಾವು ಸುಮ್ಮನೆ ಕುಳಿತೆವು. ಹಣ ಹೋದುದಕ್ಕಿಂತ, ಮಗಳಿಗೆ ಕೊಟ್ಟ ಭರವಸೆ ಹೋಯಿತಲ್ಲಾ ಎಂಬುದು ನಮ್ಮ ಚಿಂತೆ. ಆಗ ಭಾವನವರು ಒಳಗಿನಿಂದ ತಮ್ಮ ಪರಿಚಯದವರೊಬ್ಬರು ಮಾರಲಿಟ್ಟಿದ್ದ ಒಂದು ಚಿಕ್ಕ ಸ್ವಿಚ್ಚನ್ನು ತಂದರು. ಇದೂ ಒಂದು ಕಚೇರಿಯಿಂದ ಬಂದುದೇ. ಎಂಟು ಕಿಂಡಿ, ಫ್ಯಾನೇ ಇಲ್ಲ, ಮೈಯೇ ಕಾವನ್ನು ಹೊರಹಾಕುವಂತೆ ಮಾಡಿದ ಕಬ್ಬಿಣದ ಕವಚ. ಮಾಪಕ ೯ ವಾಟ್ ತೋರಿಸಿತು. ತಿಂಗಳಿಗೆ ಆರೂವರೆ ಯೂನಿಟ್ಟು. ಬೆಲೆ ಒಂದೂವರೆ ಸಾವಿರ. ದೊಡ್ಡದರ ವಿದ್ಯೆಗಳೆಲ್ಲವೂ ಇದಕ್ಕೂ ಬರುತ್ತಿದ್ದುವು. ಅವುಗಳಲ್ಲಿ ಮುಖ್ಯವಾದುದು ವಿಲ್ಯಾನು: ಒಂದೇ ಪಡಸಾಲೆಗೆ ತೆರೆ ಕಟ್ಟಿ ಎರಡು ಪಂಕ್ತಿ ಮಾಡಿದಂತೆ, ಒಂದೇ ಪೆಟ್ಟಿಗೆಯಲ್ಲಿ ಮಗಳ ಕೆಲಸದ ಹಾದಿಯನ್ನೂ ಬಾಡಿಗೆಯ ಹುಡುಗರ ಹಾದಿಯನ್ನೂ ಬೇರೆ ಮಾಡುವುದು. ರೌಟರು ಕೂಡ ಇದನ್ನು ತಿಳಿಯುವಂಥದಾಗಿರಬೇಕು. ಅದೃಷ್ಟವಶಾತ್ ನಮ್ಮದು ಅಂಥದೇ ಆಗಿದ್ದಿತು. ಸಂಜೆಯೊಳಗೆ ಮಗಳು ಅದಕ್ಕೂ ಕಲಾಯಿ ಹಾಕಿ, ಸುತ್ತು ತಡೆಯುವ ಏರ್ಪಾಡು ನಡೆಯುತ್ತಿದೆಯೇ ಎಂದು ಪರೀಕ್ಷಿಸಲು ಬೇಕೆಂದೇ ಒಂದು ತಂತಿಯ ಎರಡು ತುದಿಗಳನ್ನೂ ನಮ್ಮ ಕೈಗೆ ಕೊಟ್ಟು, "ಸಿಕ್ಕಿಸಿ ಅಪ್ಪಾ" ಎಂದಳು. ನಮ್ಮ ಕೈ ನಡುಗಿತು. ಸಿಕ್ಕಿಸಿದೆವು. ಒಂದು ದೀಪ ಕಿತ್ತಳೆಯ ಬಣ್ಣಕ್ಕೆ ತಿರುಗಿ ನಿಂತಿತು. ಮಿಕ್ಕವು ಶಾಂತವಾಗಿ ಮಿನುಗುತ್ತಿದ್ದುವು.

ಇನ್ನೊಂದು ದೋಷವನ್ನು ಭಾವನವರು ಪೆಟ್ಟಿಗೆಯನ್ನು ನೋಡದೆ, ನಮ್ಮ ಮಾತಿನಿಂದಲೇ ಹಿಡಿದರು. ಹಿತ್ತಿಲ ಮಾಳಿಗೆಗೆ ನಾವು ತಾಮ್ರದ ತಂತಿಯನ್ನು ಹಲಸಿನ ಮರದ ಕೊಂಬೆಗೆ ಕಟ್ಟಿ ಒಯ್ದಿದ್ದೆವು. "ಚೈತ್ರ ವೈಶಾಖದ ಗುಡುಗು ಸಿಡಿಲು ಬರುವ ಮೊದಲು ಅದನ್ನು ತೆಗೆ. ಹತ್ತಿರದಲ್ಲಿ ಎಲ್ಲಿ ಸಿಡಿಲು ಹೊಡೆದರೂ ಆ ತಂತಿ ಅದರ ಪಾಲನ್ನು ನಿನ್ನ ಮನೆಯೊಳಗೆ ತರುತ್ತದೆ" ಎಂದರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಾಗ ಲೋಹವಿಲ್ಲದ ಗಾಜಿನೆಳೆಯ ಕೇಬಲ್ಲನ್ನು ಕೊಳವೆಯೊಳಗೆ ಹಾಕಿ ನೆಲದಲ್ಲಿ ಹೂಳುವುದು ಉತ್ತಮ. ಗಾಜಿನಲ್ಲಿ ಬೆಳಕು ಹರಿಯುವುದೇ ಹೊರತು ವಿದ್ಯುತ್ತು ಹರಿಯದು. ಚಿಕ್ಕ ಸ್ವಿಚ್ಚಿನಲ್ಲಿ ಅದಕ್ಕೆಂದೇ ಎರಡು ಕಿಂಡಿಗಳಿದ್ದುವು. ಮನೆಯ ಅರ್ಥಿಂಗನ್ನು ಸರಿಯಾಗಿ ಮಾಡಿಸಿ ಎಷ್ಟು ವರ್ಷವಾಯಿತೆಂದು ಕೇಳಿದರು. ನಮಗೆ ನೆನಪಿರಲಿಲ್ಲ. ಇದ್ದಲೂ ಉಪ್ಪೂ ತುಂಬಿದ ಹೊಸ ಗುಂಡಿಯೊಂದನ್ನು ತೋಡಿಸಬೇಕೆಂದು ಅಪ್ಪಣೆಯಾಯಿತು. ಇದ್ದಲಿನಿಂದ ಕಬ್ಬಿಣ ಕರಗಿಸಿದ ಊರಿನಲ್ಲಿ ಕುಳಿತು ಈ ಮಾತನ್ನು ಕೇಳುವುದು ಚೆನ್ನಾಗಿದ್ದಿತು.

ದೊಡ್ಡ ಪೆಟ್ಟಿಗೆಯನ್ನು ಏನು ಮಾಡುವುದು? ಎಸೆಯುವಂತಿಲ್ಲ, ೨೦೨೩ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯದ ನಿಯಮಗಳ ಪ್ರಕಾರ ಇಂಥವನ್ನು ನೋಂದಾಯಿತ ಸಂಸ್ಕರಣಕಾರರಿಗೆ ಸೇರುವಂತೆ ಕೊಡುವುದೇ ಕ್ರಮ. ಆದರೆ ಅದು ತ್ಯಾಜ್ಯವಾಗಿರಲಿಲ್ಲವಲ್ಲ! ಸಮೀಪದ ಶಾಲೆಯೊಂದರಲ್ಲಿ ಇಪ್ಪತ್ತು ಗಣಕಗಳಿರುವ ಕೋಣೆಯಿದೆಯೆಂದೂ ಅವುಗಳನ್ನು ಕೂಡಿಸುವ ಪೆಟ್ಟಿಗೆ ಕೆಟ್ಟಿದೆಯೆಂದೂ ಅಕ್ಕ ನೆನಪುಮಾಡಿದಳು. ಅಲ್ಲಿ ಮಲಗುವವರಿಲ್ಲ, ನಾಲ್ಕು ಗಂಟೆಗೆ ಬಾಗಿಲು ಹಾಕುವಾಗ ಗುಂಡಿ ಒತ್ತಿ ನಿಲ್ಲಿಸಿದರಾಯಿತು. ಮಕ್ಕಳ ಗದ್ದಲದಲ್ಲಿ ಫ್ಯಾನಿನ ಸದ್ದು ಯಾರಿಗೆ ಕೇಳಿಸೀತು? ಸೋಮವಾರ ಭಾವನವರೇ ಅದನ್ನು ಅಲ್ಲಿಗೆ ಒಪ್ಪಿಸಿದರು. ನಮ್ಮ ನಾಲ್ಕು ಸಾವಿರವನ್ನು ನಾವು ನಮ್ಮದೇ ವಿದ್ಯಾಭ್ಯಾಸದ ಶುಲ್ಕವೆಂದು ಬರೆದುಕೊಂಡೆವು.

ಹಿಂತಿರುಗುವ ಮುನ್ನ ಹಳೆಯ ಊರಿಗೆ ಹೋಗಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ದರ್ಶನ ಮಾಡಿಕೊಂಡೆವು. ನಕ್ಷತ್ರಾಕಾರದ ಜಗತಿಯ ಮೇಲೆ ಮೂರು ಗರ್ಭಗುಡಿಗಳು. ಏಳು ನೂರು ವರ್ಷಗಳಿಗೂ ಹಿಂದಿನ ಕಲ್ಲು. ಮಗಳು ಪ್ರದಕ್ಷಿಣೆ ಬರುತ್ತ, "ಮಾವನಿಗೆ ಎಷ್ಟು ಗೊತ್ತು ಅಪ್ಪಾ! ಇವರನ್ನು ಯಾರೂ ಏನೂ ಕೇಳುವುದೇ ಇಲ್ಲವಲ್ಲ" ಎಂದಳು. ಈ ಊರಿನ ಮನೆಮನೆಯಲ್ಲಿಯೂ ಇಂಥ ಕೈಗಳಿರುವುವು. ಕುಲುಮೆ ತಣ್ಣಗಾದರೂ ಅವು ಕಲಿತದ್ದು ತಣ್ಣಗಾಗಿಲ್ಲ.

ಹಳೆಯ ಯಂತ್ರವನ್ನು ಮನೆಗೆ ತರಬೇಕೆಂದಿರುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೆ: ಬೆಲೆಯನ್ನು ಕೇಳುವ ಮೊದಲು ಎಷ್ಟು ವಾಟ್ ತಿನ್ನುವುದೆಂದು ಕೇಳಿರಿ, ಅಂಗಡಿಯಲ್ಲಿಯೇ ಓಡಿಸಿ ಸದ್ದನ್ನು ನಿಮ್ಮ ಕಿವಿಯಿಂದಲೇ ಕೇಳಿರಿ, ಎಲ್ಲ ಕಿಂಡಿಗಳಿಗೂ ಒಂದೊಂದಾಗಿ ತಂತಿ ಸಿಕ್ಕಿಸಿ ನೋಡಿರಿ. ಹಿಂದಿನವರದನ್ನು ಅಳಿಸದೆ ಬಳಸಬೇಡಿರಿ. ನೀವು ಮಾರುವಾಗ ನಿಮ್ಮದನ್ನೂ ಅಳಿಸಿ ಕೊಡಿರಿ. ತಯಾರಕರು ಕೈಬಿಟ್ಟ ಯಂತ್ರಕ್ಕೆ ಹೊಸ ರಕ್ಷಣೆ ಬಾರದು; ಆದುದರಿಂದ ಅದನ್ನು ರೌಟರಿನ ಹಿಂದೆಯೇ ಇಟ್ಟು, ಹೊರಗಿನವರು ಅದರ ಬಾಗಿಲು ತಟ್ಟದಂತೆ ಮಾಡಿರಿ. ತಂತಿಯನ್ನು ಕೊಳ್ಳುವಾಗ ಅಪ್ಪಟ ತಾಮ್ರದ್ದನ್ನೇ ಕೊಳ್ಳಿರಿ. ತಾಮ್ರ ಬಳಿದ ಅಲ್ಯುಮಿನಿಯಮ್ಮಿನದು ಅಗ್ಗವಾದರೂ ಬೇಗ ಕೈಕೊಡುವುದು. ಒಂದು ತಂತಿಯ ಉದ್ದ ೧೦೦ ಮೀಟರು ಮೀರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನೇತಾಡುವ ತುದಿಯನ್ನು ಕಂಡೊಡನೆ ಸಿಕ್ಕಿಸಬೇಡಿರಿ. ಇನ್ನೊಂದು ತುದಿ ಎಲ್ಲಿದೆಯೆಂದು ಮೊದಲು ಹುಡುಕಿರಿ.

ಇದನ್ನು ಬರೆಯುವ ಹೊತ್ತಿಗೆ ಒಂದು ಮಳೆಗಾಲ ಕಳೆದಿದೆ. ವೈಶಾಖದಲ್ಲಿ ಹಲಸಿನ ಮರದ ಪಕ್ಕದ ತೆಂಗಿನ ಸುಳಿಗೆ ಸಿಡಿಲು ಬಡಿದು ಮರ ಒಣಗಿತು. ಮಾಳಿಗೆಯ ಕೋಣೆಗೆ ಏನೂ ಆಗಲಿಲ್ಲ. ಮೇಲಧಿಕಾರಿಯಿಂದ ಎರಡನೆಯ ಕಾಗದ ಬರಲಿಲ್ಲ. ಪೆಟ್ಟಿಗೆ ಪಡಸಾಲೆಯ ಗೂಡಿನಲ್ಲಿ ಸದ್ದಿಲ್ಲದೆ ಕುಳಿತಿದೆ. ಎಷ್ಟು ಸದ್ದಿಲ್ಲವೆಂದರೆ, ನಮ್ಮ ತಾಯಿಯವರು ವಾರಕ್ಕೊಮ್ಮೆಯಾದರೂ ಮೊಮ್ಮಗಳನ್ನು ಕರೆದು, "ಅದು ನಡೆಯುತ್ತಿದೆಯೋ ಇಲ್ಲವೋ ನೋಡೇ ಮಗು" ಎನ್ನುವರು. ನಡೆಯುತ್ತಿದೆ ಅಜ್ಜಿ ಎಂದಮೇಲೆ ಉಳಿದ ತುತ್ತಿಗೆ ಬಾಯಿ ತೆರೆಯುವರು.